ದಾಂಡೇಲಿ ಕಡೆ ಸ್ಲಾಲಮ್ ಗೇಟ್ ಕಟ್ಟೋಕೆ ಎಂಥ ನೀರು ಹುಡುಕಬೇಕು, ತಂತಿ ಹೇಗೆ ಎಳೀಬೇಕು?

ಕಾಳಿ_ಹುಟ್ಟು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ಲಾಲಮ್ ಗೊತ್ತಿಲ್ಲದವರಿಗೆ ಒಂದು ಮಾತು: ಸೆಳವಿನ ನೀರಲ್ಲಿ, ತಂತಿಯಿಂದ ತೂಗುಬಿಟ್ಟ ಎರಡೆರಡು ಕೋಲಿನ ನಡುವೆ, ಕೋಲಿಗೆ ತಾಗದೆ ದೋಣಿ ಹಾಯಿಸುವ ಓಟ ಅದು; ಆ ಜೋಡಿ ಕೋಲೇ ಗೇಟ್. ದಾಂಡೇಲಿ–ಜೋಯಿಡಾ ಕಡೆಯ ಸಣ್ಣ ಕಯಾಕಿಂಗ್ ಕ್ಲಬ್ ಪರವಾಗಿ ಕೇಳ್ತಾ ಇದ್ದೇನೆ. 14 ಜನ ಇದ್ದೇವೆ, ಅರ್ಧಕ್ಕರ್ಧ ರ‍್ಯಾಫ್ಟ್ ಗೈಡ್‌ಗಳು. ದೋಣಿ ಏಳು: ಐದು ಪ್ಲಾಸ್ಟಿಕ್ ಕ್ರೀಕ್ ಬೋಟ್, ಎರಡು ಹಳೇ ಫೈಬರ್ ಸ್ಲಾಲಮ್ ಕೆ1 (ಒಬ್ಬರು ಕೂರುವ ಕಯಾಕ್). ಕೇರಳದ ಕೋಡಂಚೇರಿಯ ಮಲಬಾರ್ ರಿವರ್ ಫೆಸ್ಟಿವಲ್‌ಗೆ ಹೋಗಿ ಬಂದವರದೆಲ್ಲ ಒಂದೇ ಮಾತು: ನೀರಿಗೆ ಹೆದರಿಕೆ ಇಲ್ಲ, ಆದರೆ ತೂಗುವ ಕೋಲು ಕಂಡರೆ ಕೈ ಕಟ್ಟಿ ಹೋಗುತ್ತೆ. ಕಾರಣ ಸುಲಭ. ಅಭ್ಯಾಸಕ್ಕೆ ನಮ್ಮಲ್ಲಿ ಗೇಟೇ ಇಲ್ಲ. ಗೇಟ್ ಇರುವ ಮಧ್ಯಪ್ರದೇಶದ ಮಹೇಶ್ವರಕ್ಕೆ ಹೋಗಬೇಕೆಂದರೆ ಎರಡು ದಿನದ ಪ್ರಯಾಣ, ದೋಣಿ ಸಾಗಿಸುವ ಖರ್ಚು ಬೇರೆ.

ಗಣೇಶಗುಡಿಯಿಂದ ಕೆಳಗೆ ಎಲ್ಲಾದರೂ ನಾವೇ ಆರೆಂಟು ಗೇಟ್ ಕಟ್ಟೋಣ ಅನ್ನೋ ಯೋಚನೆ. ನಾಲ್ಕು ಗೊಂದಲ ಇವೆ. ಎಷ್ಟು ರಭಸದ ನೀರು ಸರಿ? ಮುಖ್ಯ ಹೊಳೆಯಲ್ಲೇ ಕಟ್ಟಬಹುದಾ? ತಂತಿ, ಕೋಲು, ಹಗ್ಗ ಯಾವ ಅಳತೆಯವು ಬೇಕು? ರ‍್ಯಾಫ್ಟ್‌ನವರ ಜತೆ, ಇಲಾಖೆಗಳ ಜತೆ ಹೇಗೆ ಮಾತಾಡೋದು? ಮಾಡಿ ಗೊತ್ತಿರುವವರು ಅಳತೆ ಸಮೇತ ಹೇಳಿದರೆ ಉಪಕಾರ.

ಮಡುವಿನಂಚು ಬರೆದದ್ದು:

ನೀರಿನ ಪ್ರಶ್ನೆಗೆ ಮಾತ್ರ ಉತ್ತರ ಕೊಡ್ತೀನಿ, ಹಗ್ಗದ ವಿಷಯ ಬೇರೆಯವರು ಹೇಳಲಿ.

ಮುಖ್ಯ ಹೊಳೆ ಬೇಡ. ಯಾಕೆ ಅಂತ ಒಂದು ಲೆಕ್ಕ ಮಾಡಿ ನೋಡಿ. ಗಣೇಶಗುಡಿಯಲ್ಲಿ ಹೊಳೆಗೆ ನೀರು ಬಿಡುವ ಸೂಪಾ ವಿದ್ಯುದಾಗಾರದಲ್ಲಿ 50 ಮೆಗಾವಾಟ್‌ನ ಎರಡು ಯಂತ್ರ ಇವೆ. ನೀರು ಬೀಳುವ ಎತ್ತರ 70 ಮೀಟರ್, ಯಂತ್ರದ ದಕ್ಷತೆ ನೂರಕ್ಕೆ 90 ಅಂತ ಲೆಕ್ಕಕ್ಕೆ ಇಟ್ಟುಕೊಂಡರೆ, ಒಂದೇ ಯಂತ್ರ ಪೂರ್ತಿ ಓಡಿದಾಗ ಸೆಕೆಂಡಿಗೆ ಸುಮಾರು 80 ಘನಮೀಟರ್ ನೀರು ಹೊರಬರುತ್ತೆ. ಲಂಡನ್ ಒಲಿಂಪಿಕ್ಸ್‌ಗೆ ಕಟ್ಟಿದ ಲೀ ವ್ಯಾಲಿ ಕಾಲುವೆಯಲ್ಲಿ 300 ಮೀಟರ್ ಉದ್ದಕ್ಕೆ 5.5 ಮೀಟರ್ ಇಳಿಜಾರು, ಹರಿವು ಸೆಕೆಂಡಿಗೆ 15 ಘನಮೀಟರ್ ಅಷ್ಟೇ. ಅಂದರೆ ಸ್ಲಾಲಮ್‌ಗೆ ನೀರಿನ ಮೊತ್ತ ಮುಖ್ಯವಲ್ಲ. ಸೆಳವು ಎಲ್ಲಿ ಶುರು, ಬಂಡೆಯ ಹಿಂದೆ ನೀರು ನಿಧಾನವಾಗಿ ಹಿಂದಕ್ಕೆ ಸುತ್ತುವ ಎಡ್ಡಿ ಎಲ್ಲಿ ಶುರು ಅನ್ನೋ ಗೆರೆ ಕತ್ತರಿಸಿದ ಹಾಗೆ ಕಾಣಬೇಕು, ಮತ್ತು ಆ ಗೆರೆ ನಿನ್ನೆ ಇದ್ದಲ್ಲೇ ಇವತ್ತೂ ಇರಬೇಕು. ದೊಡ್ಡ ಹೊಳೆಯಲ್ಲಿ ಎಡ್ಡಿಯ ಗೆರೆ ಉಸಿರಾಡುತ್ತೆ, ಎರಡು ಮೀಟರ್ ಆಚೆ ಈಚೆ ಸರಿಯುತ್ತೆ. ಕಲಿಯುವವರಿಗೆ ತಪ್ಪು ತಮ್ಮದೋ ನೀರಿನದೋ ಗೊತ್ತೇ ಆಗಲ್ಲ.

ಗಣೇಶಗುಡಿಯಿಂದ ಕೆಳಗೆ ಕಾಳಿ ನಡುಗಡ್ಡೆಗಳ ಸುತ್ತ ಕವಲೊಡೆಯುತ್ತೆ. ನಿಮಗೆ ಬೇಕಾದ್ದು ಅಂಥ ಪಕ್ಕದ ಕವಲು: ಅಗಲ 20ರಿಂದ 30 ಮೀಟರ್, ಉದ್ದ 80ರಿಂದ 100 ಮೀಟರ್. ನಾಲ್ಕು ಸಂಗತಿ ನೋಡಿ.

ರಭಸ. ದಡದ ಮೇಲೆ 10 ಮೀಟರ್ ಅಳೆದು ಎರಡು ಗೂಟ ಹೊಡೀರಿ. ಸಿಪ್ಪೆ ಸುಲಿದ ತೆಂಗಿನಕಾಯಿ ಒಂದನ್ನು ಮೇಲಿನ ಗೂಟಕ್ಕಿಂತ ನಾಲ್ಕು ಮೀಟರ್ ಮೇಲಿಂದ ಬಿಡಿ. ಕಾಯಿಯೇ ಯಾಕೆ ಅಂದರೆ ಅದು ಬಹುಪಾಲು ಮುಳುಗಿ ತೇಲುತ್ತೆ, ಗಾಳಿ ತಳ್ಳಲ್ಲ. ಎರಡು ಗೂಟದ ನಡುವೆ 10 ಸೆಕೆಂಡು ತಗೊಂಡರೆ ಸೆಕೆಂಡಿಗೆ 1 ಮೀಟರ್, 7 ಸೆಕೆಂಡಾದರೆ ಸುಮಾರು 1.4 ಮೀಟರ್. ಹೊಸಬರಿಗೆ 1ರ ಆಸುಪಾಸು, ಪಳಗಿದವರಿಗೆ 1.5. ಅದಕ್ಕಿಂತ ಜೋರಾದರೆ ಸೆಳವಿಗೆದುರಾಗಿ ಮೇಲಕ್ಕೆ ಹಾಯಬೇಕಾದ ಅಪ್‌ಸ್ಟ್ರೀಮ್ ಗೇಟ್ ತಪ್ಪಿಸಿಕೊಂಡವರು ಮತ್ತೆ ಮೇಲೆ ಹತ್ತೋದು ಕಷ್ಟ, ಅಭ್ಯಾಸದ ಅರ್ಧ ಹೊತ್ತು ದೋಣಿ ಹೊತ್ತು ನಡೆಯೋದರಲ್ಲೇ ಹೋಗುತ್ತೆ.

ಆಳ. ಸೊಂಟದ ಮಟ್ಟ, ಅಂದರೆ 90 ಸೆಂಟಿಮೀಟರ್ ಇರಲಿ. ಮಗುಚಿ ರೋಲ್ ಮಾಡುವಾಗ, ಅಂದರೆ ದೋಣಿಯಲ್ಲೇ ಕೂತು ಮತ್ತೆ ಮೇಲೇಳುವಾಗ, ತಲೆಗೆ, ಹುಟ್ಟಿಗೆ ಜಾಗ ಬೇಕಲ್ಲ. ಸ್ಲಾಲಮ್‌ನಲ್ಲಿ ದೋಣಿಯ ಬಾಲವನ್ನು ನೀರೊಳಗೆ ಮುಳುಗಿಸಿ ತಿರುಗಿಸ್ತಾರೆ, ಅರ್ಧ ಮೀಟರ್ ಆಳದಲ್ಲಿ ಆ ಬಾಲ ಬಂಡೆಗೆ ಬಡಿದು ಫೈಬರ್ ಸೀಳುತ್ತೆ. ಒಂದೇ ಯಂತ್ರ ಓಡುವಾಗ ಆಳ ನೋಡಿ, ಎರಡೂ ಓಡುವಾಗ ಮತ್ತೊಮ್ಮೆ ನೋಡಿ. ಎರಡರಲ್ಲೂ ನಿಲ್ಲುವ ಜಾಗವೇ ಜಾಗ.

ತಳ. ನೀರು ನಿಂತಾಗ, ಅಂದರೆ ಯಂತ್ರ ಬಂದ್ ಇರುವಾಗ, ಕವಲಿನ ಉದ್ದಕ್ಕೂ ನಡೆದು ನೋಡಿ. ಬಂಡೆಯ ಅಡಿಯಲ್ಲಿ ನೀರು ಕೊರೆದ ಪೊಟರೆ ಇದೆಯಾ, ಮರದ ಬೇರು, ಬಿದ್ದ ಕೊಂಬೆ ಸೆಳವಿಗೆ ಅಡ್ಡ ಇದೆಯಾ ಅಂತ. ಕೊಂಬೆಯ ನಡುವಿಂದ ನೀರು ಜರಡಿಯ ಹಾಗೆ ಹಾದು ಹೋಗುತ್ತೆ, ಮನುಷ್ಯ ಹಾದು ಹೋಗಲ್ಲ. ತೆಗೆಯೋಕೆ ಆಗದ ಒಂದೇ ಒಂದು ಕೊಂಬೆ ಇದ್ದರೂ ಆ ಕವಲು ಬಿಟ್ಟುಬಿಡಿ.

ದಡ. ಕೆಳಗಿಂದ ಮೇಲಕ್ಕೆ ದೋಣಿ ಹೊತ್ತು ನಡೆಯೋಕೆ ದಾರಿ ಇರಬೇಕು. ಇದನ್ನು ಯಾರೂ ಮೊದಲು ಯೋಚಿಸಲ್ಲ. ಒಂದು ಅಭ್ಯಾಸಕ್ಕೆ ಒಬ್ಬೊಬ್ಬರು 12 ಸಲ ಇಳಿಯೋದಾದರೆ 12 ಸಲ ಹತ್ತಬೇಕು. ಪೊದೆ, ಜಾರು ಬಂಡೆ ಇದ್ದರೆ ಐದನೇ ಸಲಕ್ಕೆ ಸಾಕು ಸಾಕಾಗುತ್ತೆ.

ಇನ್ನೊಂದು ಮಾತು. ದಾಂಡೇಲಿ ಊರಿನ ಹತ್ತಿರದ ನಿಧಾನ ನೀರು ನೋಡೋಕೆ ಚೆನ್ನ, ಆದರೆ ಅಲ್ಲಿ ಮೊಸಳೆ ಇವೆ. ಅಲ್ಲಿ ಕಟ್ಟೋ ಯೋಚನೆಯೇ ಬೇಡ.

ರಾಟೆ_ಹಗ್ಗ ಬರೆದದ್ದು:

ಹಗ್ಗದ ಪಾಲು ನನ್ನದು ಅಂತಾಯ್ತು.

ಮೊದಲು ಕೋಲು. ಅಂತರರಾಷ್ಟ್ರೀಯ ನಿಯಮದಲ್ಲಿ ಕೋಲಿನ ಉದ್ದ 1.6ರಿಂದ 2 ಮೀಟರ್, ದಪ್ಪ 3.5ರಿಂದ 5 ಸೆಂಟಿಮೀಟರ್, ಎರಡು ಕೋಲಿನ ನಡುವಿನ ಅಂತರ 1.2ರಿಂದ 4 ಮೀಟರ್. ನಮ್ಮ ಹಾರ್ಡ್‌ವೇರ್ ಅಂಗಡಿಯ 40 ಮಿ.ಮೀ. ಪಿವಿಸಿ ಪೈಪು ಇದಕ್ಕೆ ಸರಿಯಾಗಿ ಕೂರುತ್ತೆ. ಅತಿ ತೆಳು ಗೋಡೆಯದನ್ನೇ ಕೇಳಿ, ದಪ್ಪ ಪೈಪು ಮುಖಕ್ಕೆ ಬಡಿದರೆ ನೋವಾಗುತ್ತೆ. ಒಂದು ಪೈಪು 6 ಮೀಟರ್, ಅದರಲ್ಲಿ ಮೂರು ಕೋಲು. 8 ಗೇಟಿಗೆ 16 ಕೋಲು, ಅಂದರೆ 6 ಪೈಪು. ಉಳಿಯುವ ಎರಡು ಕೋಲು ಇಟ್ಟುಕೊಳ್ಳಿ, ಒಡೆದೇ ಒಡೆಯುತ್ತೆ. ಎರಡೂ ತುದಿಗೆ ಮುಚ್ಚಳ ಅಂಟಿಸಿ. ಕೆಳಗಿನ ಮುಚ್ಚಳ ಬಿಟ್ಟರೆ ಪೈಪಿನ ಚೂಪು ಅಂಚು ಕೆನ್ನೆ ಕೊಯ್ಯುತ್ತೆ. ಗಾಳಿಗೆ ಕೋಲು ಹಾರಾಡದಿರಲು ಒಳಗೆ ಎರಡು ಹಿಡಿ ಮರಳು ಸಾಕು, ಕಬ್ಬಿಣದ ಚೂರು ಹಾಕಬೇಡಿ.

ಬಣ್ಣ: 2 ಮೀಟರ್ ಕೋಲಿಗೆ 20 ಸೆಂಟಿಮೀಟರಿನ ಹತ್ತು ಪಟ್ಟಿ, ಒಂದು ಬಿಳಿ ಒಂದು ಬಣ್ಣ. ಡೌನ್‌ಸ್ಟ್ರೀಮ್‌ಗೆ (ಸೆಳವಿನ ಜತೆ ಹಾಯುವ ಗೇಟಿಗೆ) ಹಸಿರು, ಅಪ್‌ಸ್ಟ್ರೀಮ್‌ಗೆ ಕೆಂಪು. ತೀರಾ ಕೆಳಗಿನ ಪಟ್ಟಿ ಯಾವಾಗಲೂ ಬಿಳಿ. ಪೈಪಿನ ಮೇಲೆ ನೇರವಾಗಿ ಎನಾಮಲ್ ಬಳಿದರೆ ಎರಡೇ ತಿಂಗಳಿಗೆ ಹಪ್ಪಳದಂತೆ ಎದ್ದು ಬರುತ್ತೆ. 220 ನಂಬರಿನ ಉಪ್ಪುಕಾಗದದಿಂದ ಹೊಳಪು ಹೋಗುವವರೆಗೆ ತಿಕ್ಕಿ, ಒರೆಸಿ, ಆಮೇಲೆ ಬಳಿಯಿರಿ.

ಈಗ ತಂತಿ. ಎಲ್ಲರೂ ತಪ್ಪುವುದು ಇಲ್ಲೇ. ವೀಣೆಯ ತಂತಿಯ ಹಾಗೆ ಬಿಗಿಯಬೇಕು ಅನ್ನಿಸುತ್ತೆ. ಹಾಗೆ ಮಾಡಬಾರದು. ಲೆಕ್ಕ ಹೀಗೆ: ಎಳೆತ = ನಡುವಿನ ಭಾರ × ಅಗಲ ÷ (4 × ಜೋಲು). 30 ಮೀಟರ್ ಅಗಲ, ಮೂರು ಗೇಟಿನ ಭಾರ 10 ಕೆಜಿ, ನಡುವೆ 1 ಮೀಟರ್ ಜೋಲು ಬಿಟ್ಟರೆ 75 ಕೆಜಿ. ತಂತಿಯದೇ ತೂಕ ಸೇರಿ 90 ಅನ್ನಿ. ಅದೇ ಜೋಲನ್ನು 30 ಸೆಂಟಿಮೀಟರಿಗೆ ಇಳಿಸಿದರೆ ಎಳೆತ 300 ಕೆಜಿಗೆ ಏರುತ್ತೆ. ಯಾರೋ ಹುಡುಗ ತಂತಿಗೆ ಜೋತುಬಿದ್ದ ಅಂತಿಟ್ಟುಕೊಳ್ಳಿ: 1 ಮೀಟರ್ ಜೋಲಿದ್ದರೆ 600 ಕೆಜಿ ಚಿಲ್ಲರೆ, 30 ಸೆಂಟಿಮೀಟರ್ ಇದ್ದರೆ ಲೆಕ್ಕ 2 ಟನ್ ದಾಟುತ್ತೆ. 6 ಮಿ.ಮೀ. ಸ್ಟೀಲ್ ವೈರ್ ರೋಪ್ ಕಡಿಯುವುದೂ ಹೆಚ್ಚುಕಡಿಮೆ ಅಲ್ಲೇ. ಆದ್ದರಿಂದ ಅಗಲದ ಮೂವತ್ತನೇ ಒಂದು ಪಾಲು ಜೋಲು ಇರಲೇಬೇಕು.

ತುದಿ ಕಟ್ಟುವಾಗ ತಂತಿಯನ್ನು ಥಿಂಬಲ್ (ಕುಣಿಕೆಯೊಳಗೆ ಕೂರುವ ಲೋಹದ ಬಳೆ) ಸುತ್ತ ಮಡಚಿ ಮೂರು ಯು-ಕ್ಲ್ಯಾಂಪ್ ಹಾಕಿ, ಒಂದರಿಂದೊಂದಕ್ಕೆ 4 ಸೆಂಟಿಮೀಟರ್. ಕ್ಲ್ಯಾಂಪಿನ ದಪ್ಪ ತಡಿ ಭಾರ ಹೊರುವ ಉದ್ದ ತಂತಿಯ ಕಡೆಗಿರಬೇಕು, ಯು ಆಕಾರದ ಸರಳು ಮಡಚಿದ ಗಿಡ್ಡ ತುದಿಯ ಕಡೆಗೆ. ತಿರುಗಾಮುರುಗಾ ಹಾಕಿದರೆ ಸರಳು ಭಾರದ ತಂತಿಯನ್ನೇ ಜಜ್ಜುತ್ತೆ. ಹೊರಗಿಂದ ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತೆ, ಆರು ತಿಂಗಳಿಗೆ ಒಂದೊಂದೇ ಎಳೆ ಕಡಿಯುತ್ತೆ. ಭಾರ ಬಿದ್ದ ಮರುದಿನ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ, ತಂತಿ ಸೊರಗಿರುತ್ತೆ. ಒಂದು ದಡದಲ್ಲಿ, ತಿರುಗಿಸಿ ತಂತಿ ಬಿಗಿಸುವ ಟರ್ನ್‌ಬಕಲ್ ಇರಲಿ. ಮರಕ್ಕೆ ಕಟ್ಟೋದಾದರೆ 5 ಸೆಂಟಿಮೀಟರ್ ಅಗಲದ ಪಟ್ಟಿ ಸ್ಲಿಂಗ್, ಅದರಡಿ ಬಿದಿರಿನ ಸೀಳು. ಮೊಳೆ ಬೇಡ, ತೊಗಟೆ ಸುಲಿಯೋದಂತೂ ಬೇಡವೇ ಬೇಡ.

ಎತ್ತರ: ಎರಡೂ ಯಂತ್ರ ಓಡುವಾಗಿನ ನೀರಿನ ಮಟ್ಟದಿಂದ ತಂತಿಯ ನಡುಭಾಗ 5 ಮೀಟರ್ ಮೇಲಿರಲಿ. ಗೇಟನ್ನು ಪೂರ್ತಿ ಎತ್ತಿ ಕಟ್ಟಿದಾಗ ಕೋಲಿನ ತುದಿ 2.7 ಮೀಟರ್ ಮೇಲೆ ನಿಲ್ಲುತ್ತೆ, ರ‍್ಯಾಫ್ಟ್ ಕೆಳಗೆ ಆರಾಮಾಗಿ ಹಾದುಹೋಗುತ್ತೆ.

ತೂಗು ಹಾಕುವ ಬಗೆ: ಒಂದೂವರೆ ಮೀಟರಿನ ಬಿದಿರು ಅಥವಾ ಅಲ್ಯೂಮಿನಿಯಂ ಅಡ್ಡಪಟ್ಟಿಯನ್ನು ಎರಡು ಬಳೆಯಿಂದ ತಂತಿಗೆ ನೇತುಹಾಕಿ. ಪಟ್ಟಿಯ ಎರಡೂ ತುದಿಯಲ್ಲಿ ಒಂದೊಂದು ಸಣ್ಣ ರಾಟೆ. ಪ್ರತಿ ಕೋಲಿನ ಹಗ್ಗ ಅದರ ರಾಟೆ ದಾಟಿ ತಂತಿಯ ಗುಂಟ ದಡಕ್ಕೆ ಬರಲಿ. ಎರಡು ಕೋಲಿಗೆ ಒಂದೇ ಹಗ್ಗ ಮಾಡಿ ಉಳಿತಾಯ ಮಾಡೋಕೆ ಹೋಗಬೇಡಿ. ತಂತಿ ಜೋತಿರುವುದರಿಂದ ಅಡ್ಡಪಟ್ಟಿ ಓರೆಯಾಗಿ ನಿಲ್ಲುತ್ತೆ, ಒಂದು ಕೋಲು ನೀರಿಗೆ ತಾಗುತ್ತೆ, ಇನ್ನೊಂದು ಅರ್ಧ ಮೀಟರ್ ಮೇಲಿರುತ್ತೆ. ಬೇರೆ ಬೇರೆ ಹಗ್ಗ ಇದ್ದರೆ ದಡದಲ್ಲೇ ನಿಂತು ಸರಿಮಾಡಬಹುದು. ಕೋಲಿನ ತುದಿ ನೀರಿನಿಂದ ಒಂದು ಗೇಣು ಮೇಲೆ, ಅಂದರೆ 20 ಸೆಂಟಿಮೀಟರ್. ಅಲೆ ತಾಗಿ ಕೋಲು ಅಲ್ಲಾಡಬಾರದು. ಹಗ್ಗಗಳು ಹೆಣೆದುಕೊಳ್ಳದಿರಲು ಪ್ರತಿ 3 ಮೀಟರಿಗೆ ತಂತಿಗೊಂದು ದಾರಿಬಳೆ ಕಟ್ಟಿ. ದಡದ ಹಲಗೆಯಲ್ಲಿ 1ಎ, 1ಬಿ, 2ಎ ಅಂತ ಬರೆದಿಡಿ. ಇಲ್ಲದಿದ್ದರೆ ಪ್ರತಿ ಸಲ ಯಾವ ಹಗ್ಗ ಯಾವ ಕೋಲಿನದು ಅಂತ ಎಳೆದೆಳೆದು ನೋಡೋದೇ ಕೆಲಸ.

ಹಗ್ಗ 4 ಮಿ.ಮೀ. ಹೆಣೆದ ಪಾಲಿಯೆಸ್ಟರ್. ನೈಲಾನ್ ಒದ್ದೆಯಾದರೆ ಹಿಗ್ಗುತ್ತೆ, ಬೆಳಗ್ಗೆ ಸರಿಮಾಡಿದ ಕೋಲು ಮಧ್ಯಾಹ್ನಕ್ಕೆ ನೀರಲ್ಲಿ ಅದ್ದಿರುತ್ತೆ. ಅಗ್ಗದ ಪ್ಲಾಸ್ಟಿಕ್ ಹಗ್ಗ ಒಂದು ಬೇಸಿಗೆಯ ಬಿಸಿಲಿಗೇ ಪುಡಿಯಾಗುತ್ತೆ.

ದಡದ_ಲೆಕ್ಕ ಬರೆದದ್ದು:

ಅನುಮತಿ ಬಗ್ಗೆ. "ನದಿ ಯಾರದು" ಅಂತ ಕೇಳ್ತಾ ಹೋದರೆ ವರ್ಷ ಕಳೆಯುತ್ತೆ. "ಈ ಎರಡು ಮರ ಯಾರ ಜಾಗದಲ್ಲಿವೆ" ಅಂತ ಕೇಳಿ. ಮೊದಲು ಎರಡೂ ದಡದ ಸರ್ವೆ ನಂಬರ್ ತೆಗೆಸಿ. ಅರಣ್ಯ ಇಲಾಖೆಯದಾದರೆ ಆರ್‌ಎಫ್‌ಒ, ಕಂದಾಯದ್ದಾದರೆ ತಹಸೀಲ್ದಾರ್, ವಿದ್ಯುತ್ ನಿಗಮದ್ದಾದರೆ ಅಲ್ಲಿನ ಇಂಜಿನಿಯರ್, ಖಾಸಗಿಯಾದರೆ ಮಾಲೀಕರಿಂದ ಬರಹದಲ್ಲಿ ಒಪ್ಪಿಗೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಗಡಿ ಸುತ್ತಮುತ್ತ ಇರುವುದರಿಂದ ಅರಣ್ಯದವರನ್ನು ಬಿಟ್ಟು ಏನೂ ಶುರು ಮಾಡಬೇಡಿ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕೆಳಗೆ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಇದೆಯಲ್ಲ, ಅವರಿಂದ ಒಂದು ಬೆಂಬಲ ಪತ್ರ ಸಿಕ್ಕರೆ ಮಿಕ್ಕ ಕಚೇರಿಗಳಲ್ಲಿ ಕಡತ ಸರಾಗವಾಗಿ ಸಾಗುತ್ತೆ.

ಅರ್ಜಿ ಒಂದೇ ಪುಟ ಇರಲಿ. ಕೈಯಲ್ಲಿ ಬರೆದ ನಕ್ಷೆ, ತಂತಿಯ ಎತ್ತರ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಕಾಂಕ್ರೀಟ್ ಇಲ್ಲ, ಅಡಿಪಾಯ ಇಲ್ಲ, ಮೊಳೆ ಇಲ್ಲ, ಒಂದು ದಿನದಲ್ಲಿ ಬಿಚ್ಚಬಹುದು. ಈ ಕೊನೆಯ ಸಾಲೇ ಅಧಿಕಾರಿಗೆ ಬೇಕಾದ್ದು. ಮೇ ಕೊನೆಗೆ ಬಿಚ್ಚುತ್ತೇವೆ ಅಂತ ಬರೆದು ಹಾಗೇ ನಡೆದುಕೊಳ್ಳಿ. ಮಳೆಗಾಲದಲ್ಲಿ ತೇಲಿ ಬರುವ ಮರ ಹೇಗೂ ತಂತಿಯನ್ನು ಉಳಿಸಲ್ಲ. ತಂತಿಗೆ ಮೂರು ಮೂರು ಮೀಟರಿಗೆ ಬಣ್ಣದ ಬಟ್ಟೆ ಕಟ್ಟಿ. ಆ ಕಡೆ ಮಂಗಟ್ಟೆ ಹಕ್ಕಿಗಳು ಹೊಳೆ ದಾಟಿ ಹಾರುತ್ತವೆ, ಬರಿಯ ತಂತಿ ಅವಕ್ಕೆ ಕಾಣಲ್ಲ.

ರ‍್ಯಾಫ್ಟ್‌ನವರ ಜತೆ ಜಗಳಕ್ಕೆ ಕಾರಣವೇ ಇಲ್ಲ. ನಿಮ್ಮಲ್ಲೇ ಅರ್ಧ ಜನ ಗೈಡ್‌ಗಳು ಅಂದಿರಿ. ಅವರ ಟ್ರಿಪ್ ಹೊತ್ತಲ್ಲಿ ಗೇಟ್ ಎತ್ತಿ ಕಟ್ಟಿರಿ, ಅಷ್ಟೇ. ಪ್ರತಿಯಾಗಿ ಅವತ್ತು ಯಂತ್ರ ಎಷ್ಟಕ್ಕೆ ಶುರುವಾಗುತ್ತೆ ಅನ್ನೋ ಸುದ್ದಿ ಅವರಿಂದ ತಗೊಳ್ಳಿ. ವಿದ್ಯುತ್ ಬೇಡಿಕೆ ನೋಡಿ ನೀರು ಬಿಡ್ತಾರೆಯೇ ಹೊರತು ನಮ್ಮ ಅಭ್ಯಾಸ ನೋಡಿ ಅಲ್ಲ, ನಿನ್ನೆಯ ಹೊತ್ತು ಇವತ್ತಿಗೆ ಲಾಗೂ ಆಗಲ್ಲ. ಕವಲಿನ ಬಾಯಲ್ಲಿ ಒಂದು ಬಂಡೆಗೆ 10 ಸೆಂಟಿಮೀಟರಿಗೊಂದು ಗೆರೆ ಬಳಿದು, ಅದನ್ನು ನೋಡುತ್ತಾ ಸೀಟಿ ಹಿಡಿದ ಒಬ್ಬರು ಕೂತಿರಲಿ. ಎರಡು ಗೆರೆ ಮುಳುಗಿದರೆ ಎಲ್ಲರೂ ದಡಕ್ಕೆ.

ಕಾಳಿ_ಹುಟ್ಟು:

ತುಂಬಾ ಧನ್ಯವಾದ. ಇದನ್ನು ನೋಡಿ ಮಂಡ್ಯ ಕಡೆಯ ಗೆಳೆಯರು ಕೇಳ್ತಿದ್ದಾರೆ, ಅಲ್ಲಿ ನಾಲೆಯ ಡ್ರಾಪ್ (ನೀರು ಮೆಟ್ಟಿಲಿನಂತೆ ಧುಮುಕುವ ಜಾಗ) ಕೆಳಗೆ, ಇಲ್ಲಾ ಬಲಮುರಿ ಥರದ ಕಟ್ಟೆಯ ಕೆಳಗೆ ನೊರೆನೀರು ವರ್ಷವಿಡೀ ಸಿಗುತ್ತಲ್ಲ, ಅಲ್ಲೇ ಗೇಟ್ ಕಟ್ಟಿದರೆ ಆಗಲ್ವಾ ಅಂತ.

ಮಡುವಿನಂಚು:

ಆಗಲ್ಲ. ಅಡ್ಡಕಟ್ಟೆಯ ಕೆಳಗಿನ ನೊರೆ ನೋಡೋಕೆ ಝರಿಯ ಹಾಗಿರುತ್ತೆ, ಕೆಲಸ ಬೇರೆ. ಕಟ್ಟೆಯ ಮೇಲಿಂದ ಒಂದೇ ಸಮನೆ ಬಿದ್ದ ನೀರು ತಳಕ್ಕಿಳಿದು, ಸ್ವಲ್ಪ ಮುಂದೆ ಮೇಲೆದ್ದು, ಮೇಲ್ಮೈಯಲ್ಲಿ ಮತ್ತೆ ಕಟ್ಟೆಯ ಕಡೆಗೇ ಹಿಂದಕ್ಕೆ ಹರಿಯುತ್ತೆ. ನದಿಯ ಬಂಡೆಯ ಹಿಂದೆ ಹೀಗಾದರೆ ಪಕ್ಕಕ್ಕೆ ಜಾರಿ ಹೊರಬರಬಹುದು. ಕಟ್ಟೆ ಈ ದಡದಿಂದ ಆ ದಡದವರೆಗೆ ಇರುತ್ತೆ, ಪಕ್ಕ ಅನ್ನೋದೇ ಇಲ್ಲ. ಲೈಫ್ ಜಾಕೆಟ್ ಹಾಕಿದವರನ್ನೂ ಸುತ್ತಿಸಿ ಸುತ್ತಿಸಿ ಹಿಡಿದಿಟ್ಟುಕೊಳ್ಳುತ್ತೆ. ಜತೆಗೆ ನೊರೆಯಲ್ಲಿ ಗಾಳಿಯೇ ಹೆಚ್ಚಿರುವುದರಿಂದ ಹುಟ್ಟಿಗೆ ಹಿಡಿತ ಸಿಗಲ್ಲ, ಜಾಕೆಟ್ಟೂ ಅಷ್ಟು ತೇಲಿಸಲ್ಲ.

ನಾಲೆಯ ತೊಂದರೆ ಇನ್ನೊಂದು ಬಗೆಯದು. ಕಾಂಕ್ರೀಟಿನ ಓರೆ ಗೋಡೆಗೆ ಪಾಚಿ, ಹಿಡಿಯೋಕೆ ಏನೂ ಇಲ್ಲ. ಮಗುಚಿದವರು ಮುಂದಿನ ಮೆಟ್ಟಿಲೋ ಸೇತುವೆಯೋ ಬರುವವರೆಗೆ ತೇಲುತ್ತಲೇ ಇರಬೇಕು, ಅಷ್ಟರಲ್ಲಿ ತೂಬಿನ ಬಾಗಿಲು ಬಂದರೆ ಮುಗೀತು. ಮಂಡ್ಯದವರು ನಿಂತ ನೀರಿನ ಕೆರೆಯಲ್ಲೇ ಗೇಟ್ ಕಟ್ಟಲಿ. ಅದೇನೂ ಕೀಳಲ್ಲ.

ಎರಡು_ಸೆಕೆಂಡು ಬರೆದದ್ದು:

ಕೆರೆಯ ಮಾತು ಬಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಪ್ರಕಾರ ಕಾಳಿಯವರೂ ವಾರದ ನಾಲ್ಕು ಅಭ್ಯಾಸದಲ್ಲಿ ಮೂರನ್ನು ನಿಂತ ನೀರಲ್ಲೇ ಮಾಡಬೇಕು. ನೊರೆನೀರಿಗಾಗಿ ಕಾಯುತ್ತಾ ಕೂತ ಕ್ಲಬ್‌ಗಳೇ ಹೆಚ್ಚು. ಸೂಪಾ ಹಿನ್ನೀರಲ್ಲಿ 20–25 ಮೀಟರ್ ಅಗಲದ, ಗಾಳಿ ಮರೆಯಾದ ಕೊರಕಲು ಸಿಕ್ಕರೆ ಮೇಲೆ ಹೇಳಿದ ಅದೇ ತಂತಿ ಸಾಕು. ಮಟ್ಟ ಇಳಿದ ಹಾಗೆ ಹಗ್ಗ ಬಿಡ್ತಾ ಹೋಗಿ.

ಒಂದು ಎಚ್ಚರಿಕೆ: ಖರ್ಚು ಉಳಿಸೋಕೆ ಕೆಲವರು ಕೋಲನ್ನು ನೀರಲ್ಲಿ ನೆಡ್ತಾರೆ, ಇಲ್ಲಾ ಡಬ್ಬಕ್ಕೆ ಕಟ್ಟಿ ತೇಲಿಸ್ತಾರೆ. ಅದರಿಂದ ತಪ್ಪು ಅಭ್ಯಾಸ ಬೆಳೆಯುತ್ತೆ. ಗೇಟಿನ ಕೋಲು ನೀರಿನಿಂದ ಒಂದು ಗೇಣು ಮೇಲೆ ಇರುವುದೇ ದೋಣಿಯ ಮೂತಿ, ಬಾಲ ಅದರಡಿ ನುಸುಳಲಿ ಅಂತ. ನೆಟ್ಟ ಕೋಲಿನಲ್ಲಿ ಕಲಿತವರು ಇಡೀ ದೋಣಿಯನ್ನು ಕೋಲಿನಾಚೆ ಬಳಸಿ ತರ್ತಾರೆ, ಪ್ರತಿ ಗೇಟಿಗೆ ಅರ್ಧ ಸೆಕೆಂಡಿಗಿಂತ ಹೆಚ್ಚು ಹೋಗುತ್ತೆ. ದೋಣಿಯ ಸ್ವಲ್ಪ ಭಾಗದ ಜತೆ ಇಡೀ ತಲೆ ಎರಡು ಕೋಲಿನ ನಡುವೆ ಹಾದರೆ ಗೇಟ್ ಆದ ಹಾಗೆ, ಬಾಲ ಎಲ್ಲಿ ಹೋದರೂ ಸರಿ.

ಆರು ಗೇಟ್ ಹೀಗೆ ಇಡಿ: ಮೂರು ತಂತಿ, ತಂತಿಗೆ ಎರಡು, ತಂತಿಯಿಂದ ತಂತಿಗೆ 6 ಮೀಟರ್. ನಾಲ್ಕು ಹಸಿರು, ಎರಡು ಕೆಂಪು. ಸ್ಪರ್ಧೆಯಲ್ಲಿ 18ರಿಂದ 25 ಗೇಟ್, ಅದರಲ್ಲಿ ಕನಿಷ್ಠ 6 ಅಪ್‌ಸ್ಟ್ರೀಮ್. ಆರನ್ನೇ ಮೂರು ಸುತ್ತು ಹೊಡೆದರೆ ಹದಿನೆಂಟಾಯ್ತು. ಒಳ್ಳೆಯವರ ಓಟ 90–100 ಸೆಕೆಂಡಿನ ಆಸುಪಾಸು, ನಿಮ್ಮ ಉದ್ದದ ಅಭ್ಯಾಸವೂ ಅಷ್ಟೇ ಇರಲಿ: ನಾಲ್ಕು ಓಟ, ನಡುವೆ ಐದು ನಿಮಿಷ ಬಿಡುವು. ಬೇರೆ ದಿನ ಗಿಡ್ಡ ಓಟ, 25–30 ಸೆಕೆಂಡಿನವು ಹತ್ತು, ನಡುವೆ ಎರಡು ನಿಮಿಷ.

ಕೆಂಪು ಗೇಟಿನಲ್ಲಿ ಹೊಸಬರು ಮಾಡುವ ತಪ್ಪು ಒಂದೇ: ಕಣ್ಣು ಹತ್ತಿರದ ಕೋಲಿನ ಮೇಲೆ. ಕೋಲನ್ನು ನೋಡಿದರೆ ಭುಜ ಅತ್ತಲೇ ವಾಲುತ್ತೆ, ತಾಗುತ್ತೆ. ಒಳಕೋಲಿನಿಂದ ಒಂದು ಮೊಳ ದೂರದಲ್ಲಿ ಹುಟ್ಟನ್ನು ನೆಡಬೇಕು, ನೆಟ್ಟ ಕ್ಷಣಕ್ಕೇ ಕಣ್ಣು ಮುಂದಿನ ಗೇಟಿಗೆ ಹೋಗಿರಬೇಕು. ದೋಣಿ ಹುಟ್ಟಿನ ಸುತ್ತ ತಿರುಗುತ್ತೆ, ಹುಟ್ಟು ದೋಣಿಯ ಸುತ್ತ ಅಲ್ಲ.

ಸಮಯ ಬರೆಯುವವರು ದಡದಲ್ಲಿ ಒಬ್ಬರು ಇರಲೇಬೇಕು. ತಾಗಿದರೆ 2 ಸೆಕೆಂಡು, ಗೇಟ್ ತಪ್ಪಿದರೆ 50 ಸೆಕೆಂಡು, ಮೊದಲ ದಿನದಿಂದಲೇ ಸೇರಿಸಿ ಬರೆಯಲಿ. "ಅಭ್ಯಾಸ ತಾನೇ" ಅಂತ ಬಿಟ್ಟರೆ ಗೈಡ್‌ಗಳು ತೋಳ್ಬಲದ ಮೇಲೆ ನುಗ್ಗೋದನ್ನೇ ಕಲೀತಾರೆ. ತೋಳ್ಬಲ ಅವರಿಗೆ ಈಗಲೇ ಬೇಕಾದಷ್ಟಿದೆ.

ರಾಟೆ_ಹಗ್ಗ:

ಒಂದು ತಿದ್ದುಪಡಿ. ಹಿನ್ನೀರಲ್ಲಿ ಗಾಳಿ ಜಾಸ್ತಿ, ಅಲ್ಲಿ ಕೋಲಿಗೆ ಎರಡು ಹಿಡಿ ಮರಳು ಸಾಲದು, ನಾಲ್ಕು ಹಾಕಿ. ಕೆಳ ಮುಚ್ಚಳಕ್ಕೆ ಪಿವಿಸಿ ಸಲ್ಯೂಷನ್ (ಅಂಟು) ಸರಿಯಾಗಿ ಹಚ್ಚಿ ಒಂದು ರಾತ್ರಿ ಒಣಗಿಸಿ. ಇಲ್ಲದಿದ್ದರೆ ಮರಳೆಲ್ಲ ಕೆಳಗೆ ಹಾಯುವವರ ಹೆಲ್ಮೆಟ್ ಮೇಲೆ.